ದುಂಬಿಯನ್ನು ಕೇಳಿದವಳು

ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯನ್ನು ಕನ್ನಡ ಓದುಗರು ಮೊದಲು ನೆನೆಯುವುದು ವಿರಾಗಿಣಿಯೆಂದು, ಆಮೇಲೆ ಕವಿಯೆಂದು. ಹಕ್ಕಿ ನೋಡುವ, ಗಿಡಮರ ಗುರುತಿಸುವ ಹವ್ಯಾಸವುಳ್ಳವರು ಆಕೆಯ ವಚನಗಳನ್ನು ಕೈಗೆತ್ತಿಕೊಂಡರೆ ಈ ಎರಡರ ನಡುವೆ ಇನ್ನೊಬ್ಬಳು ಕಾಣಸಿಗುತ್ತಾಳೆ. ಗಿಳಿ, ಕೋಗಿಲೆ, ದುಂಬಿ, ನವಿಲುಗಳ ಇರವನ್ನು ಬಲ್ಲ, ಅವುಗಳನ್ನು ನಿಲ್ಲಿಸಿ ಮಾತನಾಡಿಸುವ ಹೆಣ್ಣು ಅವಳು.

ಆಕೆಯ ಬಾಳಿನ ವಿವರಗಳು ಬಹುಮಟ್ಟಿಗೆ ಕಾವ್ಯಗಳಿಂದ ಬಂದವು. ಹುಟ್ಟಿದ್ದು ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ. ಅರಸ ಕೌಶಿಕ ಆಕೆಯನ್ನು ಮೆಚ್ಚಿ ಮದುವೆಯಾದನೆಂದು ಹರಿಹರನ ರಗಳೆ ಹೇಳುತ್ತದೆ, ನಂತರದ ಕೆಲವು ಕಾವ್ಯಗಳು ಇದನ್ನು ಒಪ್ಪುವುದಿಲ್ಲ. ಅರಮನೆಯನ್ನು ತೊರೆದು ಕಲ್ಯಾಣಕ್ಕೆ ಬಂದು, ಅಲ್ಲಮಪ್ರಭುವಿನ ಕಠಿಣ ಪ್ರಶ್ನೆಗಳಿಗೆ ಉತ್ತರಿಸಿ, ಕೊನೆಗೆ ಶ್ರೀಶೈಲದ ಕದಳಿವನ ಸೇರಿದಳೆಂದು ಪರಂಪರೆ ಹೇಳುತ್ತದೆ. ಆಕೆಯ ಹೆಸರಿನಲ್ಲಿ ನಾನೂರಕ್ಕೂ ಹೆಚ್ಚು ವಚನಗಳಿವೆ. ಮೂರು ಸಾಲಿನ ತ್ರಿಪದಿಗಳಲ್ಲಿ ರಚಿತವಾದ ‘ಯೋಗಾಂಗ ತ್ರಿವಿಧಿ’ ಎಂಬ ಕೃತಿಯೂ ಇದೆ. ‘ಚೆನ್ನಮಲ್ಲಿಕಾರ್ಜುನ’ ಆಕೆಯ ಅಂಕಿತ, ಎಂದರೆ ವಚನದಲ್ಲಿ ಸಹಿಯಂತೆ ಬರುವ ಇಷ್ಟದೈವದ ಹೆಸರು.

ಅಣ್ಣಿಗೇರಿಯ ಓದುಗರಿಗೆ ಈ ಕವಿಯನ್ನು ಹತ್ತಿರದಿಂದ ಅರಿಯಲು ಒಂದು ದಾರಿಯಿದೆ, ಅದು ಪಂಪನ ಮೂಲಕ ಹೋಗುತ್ತದೆ. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳೆಂಬುದು ತಿಳಿದುಬಂದದ್ದು ಪಂಪನ ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಕೊರೆಯಿಸಿದ ಶಾಸನದಿಂದ. ಅಣ್ಣಿಗೇರಿ ಆಗ ಬೆಳ್ವೊಲ ಮುನ್ನೂರು ಎಂಬ ನಾಡಿನಲ್ಲಿತ್ತು. ಬೆಳ್ವೊಲವೆಂದರೆ ಇಂದಿನ ಗದಗ, ನವಲಗುಂದ ಸುತ್ತಲಿನ, ಕಣ್ಣು ಹಾಯುವಷ್ಟು ದೂರ ಮರವಿಲ್ಲದ ಎರೆನೆಲ. ಈ ಬಯಲಿನ ಮಗಳ ಮಗ 941ರ ಸುಮಾರಿಗೆ ಬರೆದ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ, ಅಂದರೆ ಅಧ್ಯಾಯದಲ್ಲಿ, ತೀರ್ಥಯಾತ್ರೆಗೆ ಹೊರಟ ಅರ್ಜುನನನ್ನು ಬನವಾಸಿಗೆ ಕರೆತಂದು, ಆ ಹಸಿರು ನಾಡಿನ ತೋಟದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟುವುದೂ ಭಾಗ್ಯವೇ ಎಂದು ಹಂಬಲಿಸುತ್ತಾನೆ. ಸುಮಾರು ಎರಡು ಶತಮಾನದ ನಂತರ ಅಕ್ಕ ಹುಟ್ಟಿದ ಉಡುತಡಿ ಇದ್ದದ್ದು ಅದೇ ಬನವಾಸಿ ಹನ್ನೆರಡು ಸಾವಿರವೆಂಬ ಆಡಳಿತ ವಿಭಾಗದಲ್ಲಿ. ಆ ವಿಭಾಗದ ರಾಜಧಾನಿಯಾಗಿದ್ದ ಬಳ್ಳಿಗಾವಿ ಇರುವುದೂ ಶಿಕಾರಿಪುರ ತಾಲ್ಲೂಕಿನಲ್ಲೇ.

ಪಂಪ ಬಯಸಿದ ಜನ್ಮವನ್ನು ಪಡೆದ ದುಂಬಿ, ಕೋಗಿಲೆಗಳೇ ಅಕ್ಕನ ವಚನಗಳಲ್ಲಿ ಹಾರಾಡುತ್ತವೆ ಎಂದರೆ ತಪ್ಪಾಗಲಾರದು. ಆದರೆ ಆಕೆಗೆ ಅವುಗಳಂತಾಗುವ ಆಸೆಯಿಲ್ಲ, ಅವುಗಳಿಂದ ಆಗಬೇಕಾದ ಕೆಲಸವಿದೆ. ದುಂಬಿಯ ಹಿಂಡನ್ನು, ಮಾವಿನ ಮರವನ್ನು, ಬೆಳುದಿಂಗಳನ್ನು, ಕೋಗಿಲೆಯನ್ನು ಒಂದೊಂದಾಗಿ ಕರೆದು, ತನ್ನ ಒಡೆಯನನ್ನು ಕಂಡರೆ ತೋರಿಸಿಕೊಡಿರೆಂದು ಬೇಡುತ್ತಾಳೆ. ಇನ್ನೊಂದು ವಚನದಲ್ಲಿ ಗಿಳಿ, ಹಂಸ, ನವಿಲುಗಳೂ ಈ ಸಾಲಿಗೆ ಸೇರುತ್ತವೆ. ವಿರಹಿಗಳು ಪ್ರಾಣಿಪಕ್ಷಿಗಳನ್ನು ವಿಚಾರಿಸುವುದು ಭಾರತೀಯ ಕಾವ್ಯದ ಹಳೆಯ ಪದ್ಧತಿ, ಕಾಳಿದಾಸನ ಪುರೂರವನೂ ಹಾಗೆಯೇ ಕೇಳುತ್ತ ಅಲೆಯುತ್ತಾನೆ. ಅಲ್ಲಿ ಆ ಪ್ರಶ್ನೆಗಳು ಅರಸನ ಉನ್ಮಾದದ ಗುರುತು. ಅಕ್ಕನಲ್ಲಿ ಉನ್ಮಾದದ ಸುಳಿವಿಲ್ಲ; ಕಾಡಿನಲ್ಲೇ ಇರುವವರಿಗೆ ಕಾಡಿನ ಸುದ್ದಿ ಗೊತ್ತಿರುತ್ತದೆಂಬ ಸರಳ ನಂಬಿಕೆಯಿಂದ ಆಕೆ ಕೇಳುತ್ತಾಳೆ. ವನವೂ ಅದರೊಳಗಿನ ಮರ, ಹಕ್ಕಿ, ಮಿಗಗಳೂ ಚೆನ್ನಮಲ್ಲಿಕಾರ್ಜುನನೇ ಎಂದು ಬೇರೊಂದು ವಚನದಲ್ಲಿ ಹೇಳಿದವಳು, ಎದುರಿಗಿರುವವನನ್ನೇ ಎಲ್ಲಿದ್ದಾನೆಂದು ಕೇಳುತ್ತಿದ್ದಾಳೆ ಎಂಬುದನ್ನು ಗಮನಿಸಿದರೆ ಆ ಪ್ರಶ್ನೆಯ ತೀವ್ರತೆ ಇನ್ನಷ್ಟು ಹೆಚ್ಚುತ್ತದೆ.

ಈ ಅಂಕಣಕ್ಕೆ ಎಲ್ಲಕ್ಕಿಂತ ಪ್ರಿಯವಾದದ್ದು ಜೀವಿಗಳ ನೆಲೆಯನ್ನೇ ವಾದವಾಗಿ ಹೂಡುವ ವಚನ. ನವಿಲು ಬೆಟ್ಟವನ್ನು ಬಿಟ್ಟು ಹುಲ್ಲಿನ ಮೊರಡಿಯಲ್ಲಿ ಆಡೀತೇ, ಹಂಸ ಕೊಳವನ್ನು ಬಿಟ್ಟು ಸಣ್ಣ ಹಳ್ಳವನ್ನು ಬಯಸೀತೇ, ಮಾವು ಚಿಗುರದೆ ಕೋಗಿಲೆ ದನಿಯೆತ್ತೀತೇ, ಕಂಪಿಲ್ಲದ ಹೂವಿಗೆ ದುಂಬಿ ಎರಗೀತೇ ಎಂದು ಕೇಳುವ ಆಕೆ, ತನ್ನ ಮನಸ್ಸು ಬೇರೆಡೆ ಹೋಗದೆಂಬುದನ್ನು ಈ ಸಾಕ್ಷಿಗಳಿಂದ ಸ್ಥಾಪಿಸುತ್ತಾಳೆ. ಹಕ್ಕಿ ನೋಡುವವರ ಕಣ್ಣಿಗೆ ಇಲ್ಲಿ ತಕರಾರು ಹುಟ್ಟುವುದು ಸಹಜ. ಅಣ್ಣಿಗೇರಿ ಸೀಮೆಯಲ್ಲಿ ಬೆಟ್ಟವೇ ಇಲ್ಲ, ಆದರೂ ಕಡಲೆ, ಜೋಳದ ಹೊಲಗಳಲ್ಲಿ ನವಿಲು ಮೇಯುತ್ತದೆ, ಬದುವಿನ ಮೇಲೆ ಗರಿಗೆದರಿ ಕುಣಿಯುತ್ತದೆ. ಕೋಗಿಲೆ ಕೂಗುವುದು ಸಂತಾನದ ಕಾಲವೆಂದು, ಆ ದಿನಗಳು ಮಾವು ಚಿಗುರಿ ಹೂಬಿಡುವ ಋತುವಿಗೆ ಕೂಡಿಬರುತ್ತವೆ ಅಷ್ಟೆ. ಹಂಸದ ವಿಷಯದಲ್ಲಿ ಮಾತ್ರ ವಚನದ ಮಾತೇ ಗೆಲ್ಲುತ್ತದೆ. ಹಳೆಯ ಕಾವ್ಯಗಳ ಹಂಸ ಪಟ್ಟೆತಲೆ ಹೆಬ್ಬಾತು ಇರಬಹುದೆಂಬ ಅಭಿಪ್ರಾಯವಿದೆ. ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳಿರುವ ಈ ಹಕ್ಕಿ ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಬಂದು ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಬೀಡುಬಿಡುತ್ತದೆ. ಹೊಲಗಳಲ್ಲಿ ಮೇದು ಮತ್ತೆ ವಿಶಾಲವಾದ ನೀರಿಗೇ ಮರಳುವ ಅದಕ್ಕೆ ಹಳ್ಳಕೊಳ್ಳಗಳು ಸಾಲವು. 2024ರಲ್ಲಿ ಈ ಕೆರೆ, ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳಿಗೆ ಸಲ್ಲುವ ರಾಮ್ಸಾರ್ ಮಾನ್ಯತೆಯನ್ನು ಪಡೆಯಿತು.

ಹೀಗೆ ಒರೆಗೆ ಹಚ್ಚುವುದರಿಂದ ವಚನದ ಬೆಲೆ ಕುಂದುವುದಿಲ್ಲ. ಎಲ್ಲಿ ಕವಿಪರಂಪರೆಯ ಮಾತಿದೆ, ಎಲ್ಲಿ ಕಣ್ಣಾರೆ ಕಂಡದ್ದಿದೆ ಎಂಬುದು ಬೇರೆಬೇರೆಯಾಗಿ ತೋರುತ್ತದೆ. ತನ್ನ ಬಾಯ ನೂಲಿನಿಂದಲೇ ಮನೆ ಕಟ್ಟಿ ಅದರೊಳಗೇ ಸಿಕ್ಕಿ ಸಾಯುವ ರೇಷ್ಮೆಹುಳುವಿನ ವಚನ ಕಂಡು ಬರೆದದ್ದೆಂದೇ ತೋರುತ್ತದೆ. ತಾನಾಗಿ ಬಿಟ್ಟರೆ ಆ ಗೂಡಿನಿಂದ ಪತಂಗ ಹೊರಬರುತ್ತದೆ, ಸಾಯುವುದು ನೂಲಿಗಾಗಿ ಮನುಷ್ಯರು ಬೇಯಿಸುವ ಗೂಡಿನೊಳಗಿನ ಜೀವ. ಹಸಿವಿಗೆ ಭಿಕ್ಷೆ, ಬಾಯಾರಿಕೆಗೆ ಕೆರೆಬಾವಿ, ಮಲಗಲು ಪಾಳುಗುಡಿ ಎಂದು ಲೆಕ್ಕ ಹಾಕುವ ವಚನದಲ್ಲಂತೂ ಊರ ಹೊರಗೆ ಒಬ್ಬಳೇ ನಡೆದವಳ ಅನುಭವವೇ ಇದೆ.

ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದ ಮೇಲೆ ವಚನಗಳು ಮಠಗಳ ಆಚೆಗೂ ಓದುಗರನ್ನು ಪಡೆದವು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಅವರು ಹಿಂದುಸ್ತಾನಿ ರಾಗಗಳಲ್ಲಿ ಹಾಡಿದ್ದರಿಂದ ಓದದವರ ಕಿವಿಗೂ ಮುಟ್ಟಿದವು. ಆದರೆ ವ್ಯಾಖ್ಯಾನಕಾರರು ಬಹುಪಾಲು ಅಕ್ಕನ ಕಾಡನ್ನು ಬರಿಯ ಸಂಕೇತವಾಗಿ ಓದಿದರು. ಕದಳಿಯೆಂದರೆ ತನು, ಮನ, ಭವದ ಅಡವಿ ಎಂದು ಆಕೆಯೇ ಒಂದು ವಚನದಲ್ಲಿ ಹೇಳಿರುವುದರಿಂದ ಆ ಓದಿಗೆ ಆಧಾರವಿದೆ. ಅದೊಂದೇ ಸಾಕೆನ್ನುವುದನ್ನು ಒಪ್ಪಲಾಗದು. ಶ್ರೀಶೈಲವನ್ನು ಸುತ್ತುವರಿದ ನಲ್ಲಮಲ, ಬೇಸಿಗೆಯಲ್ಲಿ ಎಲೆಯುದುರಿಸುವ ಒಣಕಾಡು, ಇಂದು ಹುಲಿ ಸಂರಕ್ಷಿತ ಪ್ರದೇಶ. ಅಕ್ಕ ಇದ್ದಳೆಂದು ಹೇಳುವ ಗುಹೆಗಳಿಗೆ ಯಾತ್ರಿಕರು ಕೃಷ್ಣೆಯ ಹಿನ್ನೀರಿನಲ್ಲಿ ದೋಣಿಯೇರಿ ಹೋಗುತ್ತಾರೆ. ಬನವಾಸಿ ಸೀಮೆಯ ತಂಪಿನಲ್ಲಿ ಬೆಳೆದವಳು ಕೊನೆಗೆ ಆರಿಸಿಕೊಂಡದ್ದು ಈ ಬಿಸಿಲಿನ ಕಾಡನ್ನು ಎಂಬುದನ್ನು ಆಕೆಯ ಕಾವ್ಯದ ಚರ್ಚೆಯಲ್ಲಿ ಯಾರೂ ಬದಿಗೆ ಸರಿಸಬೇಕಾಗಿಲ್ಲ.