ಹಳೆಯ ಜೀಪಿನ ಹೆಡ್ ಸ್ಟಡ್ಡು

ಕೊಟ್ಟಿಗೆಹಾರವನ್ನು ಹಾದು ಕಳಸದತ್ತ ಏರಿಳಿಯುವ ದಾರಿಯಲ್ಲಿ, ಕಾಫಿ ಮೂಟೆಗಳನ್ನು ಹೊತ್ತು ಎರಡನೆಯ ಗೇರಿನಲ್ಲಿ ಏದುತ್ತ ಸಾಗುವ ಹಳೆಯ ಜೀಪನ್ನು ಕಂಡಾಗಲೆಲ್ಲ, ಅದರ ಬೀಡುಕಬ್ಬಿಣದ ಬ್ಲಾಕಿಗೆ ಸಿಲಿಂಡರ್ ಹೆಡ್ಡನ್ನು ಬಿಗಿದು ಹಿಡಿದಿರುವ ಉಕ್ಕಿನ ಸ್ಟಡ್ಡುಗಳ ವಿಷಯದಲ್ಲಿ ನನಗೆ ಗೌರವವುಂಟಾಗುತ್ತದೆ. ಜೀಪಿನ 2,199 ಸಿಸಿಯ ವಿಲ್ಲಿಸ್ ಎಂಜಿನ್ನು ಕಾದು ಹಿಗ್ಗಿ, ತಣಿದು ಕುಗ್ಗುವಾಗಲೆಲ್ಲ ಸ್ಟಡ್ಡು ಬಿಗಿಯಾದ ಸ್ಪ್ರಿಂಗಿನಂತೆ ತಾನೂ ಕೂದಲೆಳೆಯಷ್ಟು ಹಿಗ್ಗಿ ಕುಗ್ಗಿ ಗ್ಯಾಸ್ಕೆಟ್ಟಿನ ಮೇಲಣ ಒತ್ತಡವನ್ನು ಕಾಯುತ್ತದೆ.

ಬದಲಿ ಸ್ಟಡ್ಡನ್ನು ಆರಿಸುವವನು ಮೊದಲು ನೋಡತಕ್ಕದ್ದು ಅದರ ಎರಡೂ ತುದಿಗಳ ತಿರುಪು ಮರೆಗಳನ್ನು. ಬೀಡುಕಬ್ಬಿಣವನ್ನು ಕಚ್ಚುವ ತುದಿಗೆ ದಪ್ಪ ಮರೆ, ನಟ್ಟು ಕೂರುವ ತುದಿಗೆ ಸಣ್ಣ ಮರೆ. ಅವೂ ಕೊರೆದವಲ್ಲ, ಉಕ್ಕನ್ನು ಒತ್ತಿ ಉರುಳಿಸಿ ಮೂಡಿಸಿದವಾಗಿದ್ದರೆ ಬಹುಕಾಲದ ಆಯಾಸಕ್ಕೂ ಸುಲಭವಾಗಿ ಬಿರುಕುಬಿಡಲಾರವು. 10.9 ಎಂಬ ಗುರುತಿನ ಉಕ್ಕು ಚದರ ಮಿಲಿಮೀಟರಿಗೆ 1,000 ನ್ಯೂಟನ್ನಿನ ಸೆಳೆತವನ್ನು ತಾಳಬಲ್ಲುದು, ಆ ಸೆಳೆತದ ಶೇ. 90ರವರೆಗೆ ಎಳೆದರೂ ಮೊದಲಿನ ಉದ್ದಕ್ಕೆ ಮರಳಬಲ್ಲುದು. ಆದರೂ ಕೇವಲ ಗಡಸುತನವನ್ನೇ ಬಯಸುವುದು ಅವಿವೇಕವೆಂದೇ ನನ್ನ ಅಭಿಪ್ರಾಯ. ಗಡಸು ಸ್ಟಡ್ಡು ತಾಳುವಷ್ಟೂ ಬಿಗಿಯಹೊರಟರೆ, ಹಳೆಯ ಬ್ಲಾಕಿನ ಸವೆದ ಮರೆಗೆ ಆ ಅತಿಬಿಗಿತವೇ ಶತ್ರು.

ಬೋಲ್ಟಿಗಿಂತ ಸ್ಟಡ್ಡು ಶ್ರೇಷ್ಠವಾದುದೂ ಈ ಮರೆಯನ್ನು ಕಾಯುವ ಕಾರಣದಿಂದಲೇ: ಹೆಡ್ಡನ್ನು ಎಷ್ಟು ಸಲ ಬಿಚ್ಚಿದರೂ ತಿರುಗುವುದು ಮೇಲಣ ನಟ್ಟು ಮಾತ್ರ, ಬ್ಲಾಕಿನ ಮರೆ ನಿಶ್ಚಲವಾಗಿರುತ್ತದೆ. ಸ್ಟಡ್ಡನ್ನು ತಳ ಮುಟ್ಟಿಸಿ ಹಿಂಸಿಸದೆ ಕೈಬಿಗಿಯಲ್ಲಿ ನಿಲ್ಲಿಸಿ, ನೀರಿನ ಜಾಕೆಟ್ಟಿಗೆ ಇಳಿಯುವವಕ್ಕೆ ಸೀಲಂಟು ಸವರಿ, ನಡುವಿನಿಂದ ಅಂಚಿನತ್ತ ಹಂತಹಂತವಾಗಿ ಟಾರ್ಕ್ ರೆಂಚಿನಿಂದ ನಟ್ಟುಗಳನ್ನು ಬಿಗಿಯುವ ಮೆಕ್ಯಾನಿಕ್ಕನ ಆ ಸಾವಧಾನವನ್ನು ನೋಡುತ್ತ ನಿಲ್ಲುವುದೇ ನನಗೊಂದು ಸಂತೋಷ.