ನಮೂನೆ ನಕ್ಷೆಯ ದುಬಾರಿ ಮಿತವ್ಯಯ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸುತ್ತಿ ಬಂದರೆ ಊರು ಬದಲಾಗುತ್ತದೆ, ಅಂಗನವಾಡಿ ಬದಲಾಗುವುದಿಲ್ಲ. ಅದೇ ಚೌಕ, ಅದೇ ಆರ್‌ಸಿಸಿ ತಾರಸಿ, ಗೋಡೆ ಮೇಲೆ ಅದೇ ಹಣ್ಣು-ಹಕ್ಕಿಗಳ ಚಿತ್ರ. ಏಪ್ರಿಲ್ ಮಧ್ಯಾಹ್ನ ಆ ತಾರಸಿಯ ಕೆಳಗೆ ಮಕ್ಕಳು ಬೇಯುತ್ತಾರೆ. ಪಕ್ಕದ ಹಳೇ ಮಾಳಿಗೆ ಮನೆಯಲ್ಲಿ ಅಜ್ಜ ತಣ್ಣಗೆ ಮಲಗಿರುತ್ತಾನೆ. ಖಜಾನೆ ಬರಿದಾದ ಕಾಲಕ್ಕೆ ಒಂದೇ ನಮೂನೆ ನಕ್ಷೆ, ಒಂದೇ ಎಸ್‌.ಆರ್. ದರಪಟ್ಟಿ ಸಾಕು, ವಾಸ್ತುಶಿಲ್ಪಿಗೆ ಕೊಡುವ ಶುಲ್ಕವೂ ಉಳಿಯಿತು ಎಂಬುದು ಸರ್ಕಾರಿ ಲೆಕ್ಕ. ಈ ಲೆಕ್ಕ ತಪ್ಪೆಂದು ತೋರಿಸುವ ಪ್ರಯೋಗ ಇದೇ ತುಮಕೂರು ಜಿಲ್ಲೆಯಲ್ಲಿ ನಡೆದಿತ್ತು.

1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಆರಂಭಿಸಿದ ಗ್ರಾಮೀಣ ತಂತ್ರಜ್ಞಾನ ಕೇಂದ್ರ ‘ಅಸ್ತ್ರ’, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಗ್ರಾಮ ಕೇಂದ್ರ ತೆರೆಯಿತು. ಕಟ್ಟಡದ ಕೆಲಸದಲ್ಲಿ ಕೆ.ಎಸ್. ಜಗದೀಶ್ ಮತ್ತವರ ತಂಡದ ಹೆಸರು ದೊಡ್ಡದು. ಅವರ ವಿಧಾನದಲ್ಲಿ ಕೆಂಪುಮಣ್ಣಿಗೆ ಬೇಕಾದಷ್ಟು ಮರಳು, ನೂರಕ್ಕೆ ಆರೇಳು ಪಾಲು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ವಾರ ನೀರು ಹಾಕಿದರೆ ಇಟ್ಟಿಗೆ ಸಿದ್ಧ. ಗೂಡು ಬೇಡ, ಸೌದೆ ಬೇಡ, ಲಾರಿ ಬಾಡಿಗೆಯೂ ಬಹುಪಾಲು ಬೇಡ. ಖರ್ಚಾಗುವುದು ಹೆಚ್ಚಾಗಿ ಕೂಲಿ.

ಕಷ್ಟಕಾಲದಲ್ಲಿ ಈ ಕೂಲಿಯೇ ಮುಖ್ಯ. 2020ರಲ್ಲಿ ಬೆಂಗಳೂರಿನ ಕೆಲಸ ನಿಂತು ಜನ ಊರಿಗೆ ಮರಳಿದಾಗ ಕೇಂದ್ರ ಸರ್ಕಾರ ಉದ್ಯೋಗ ಖಾತ್ರಿ ಯೋಜನೆಯಾದ ನರೇಗಾಕ್ಕೆ 40,000 ಕೋಟಿ ರೂಪಾಯಿ ಹೆಚ್ಚುವರಿಯಾಗಿ ಘೋಷಿಸಿತು. ಆ ಯೋಜನೆಯಲ್ಲಿ ಕೂಲಿ-ಸಾಮಗ್ರಿ ಪ್ರಮಾಣ 60:40 ಆಗಿತ್ತು. ಸಿಮೆಂಟು, ಕಬ್ಬಿಣ, ಸುಟ್ಟ ಇಟ್ಟಿಗೆಯ ಕಟ್ಟಡ ಈ ಮಿತಿಯೊಳಗೆ ಏದುಸಿರು ಬಿಡುತ್ತಿತ್ತು. ಕೈಯಂತ್ರದ ಇಟ್ಟಿಗೆಯಾದರೆ ಗೋಡೆಗೆ ಸುರಿದ ದುಡ್ಡಿನ ಬಹುಪಾಲು ಕೂಲಿಯಾಗಿ ಊರವರ ಕೈಸೇರಿ ಅದೇ ಊರಿನ ಶೆಟ್ಟರ ಅಂಗಡಿಗೆ ಹೋಗುತ್ತಿತ್ತು.

ಇಂಥದ್ದನ್ನು ಹಬ್ಬಿಸಲೆಂದೇ ನಿರ್ಮಿತಿ ಕೇಂದ್ರಗಳು ಹುಟ್ಟಿದ್ದು. 1985ರ ಹೊತ್ತಿಗೆ ಕೇರಳದ ಕೊಲ್ಲಂನಲ್ಲಿ ಶುರುವಾದ ಈ ಯೋಚನೆ ಕೇಂದ್ರದ ವಸತಿ ಹಣಕಾಸು ಸಂಸ್ಥೆ ಹುಡ್ಕೋ ಮೂಲಕ ದೇಶಕ್ಕೆ ಹರಡಿತು. ಗಾರೆಯವರಿಗೆ ತರಬೇತಿ, ಸ್ಥಳೀಯ ಸಾಮಗ್ರಿ ಅದರ ಮೂಲ ಉದ್ದೇಶ. ನಮ್ಮಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಈ ಕೇಂದ್ರಗಳು ಕಾಲಕ್ರಮೇಣ ಸಾಮಾನ್ಯ ಕಾಮಗಾರಿ ಏಜೆನ್ಸಿಗಳಾದವು. ರಾಜ್ಯದ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿಯಲ್ಲಿ ಟೆಂಡರ್ ಇಲ್ಲದೆ ಕೆಲಸ ಒಪ್ಪಿಸಲು ಅನುಕೂಲವಾದವು. ಮಣ್ಣಿನ ಇಟ್ಟಿಗೆ ಮಾತ್ರ ಬೆಂಗಳೂರು ಸೇರಿ ಉಳ್ಳವರ ಅಭಿರುಚಿಯಾಯಿತು. ಹಳ್ಳಿಗೆಂದು ಕಂಡುಹಿಡಿದದ್ದು ಲೇಔಟಿನ ಬಂಗಲೆಗೆ ಶೋಭೆ ತಂದಿದೆ. (ಆ ಮನೆಗಳು ಚೆಂದವಾಗಿವೆ, ಅದರಲ್ಲಿ ತಕರಾರಿಲ್ಲ.)

ತಪ್ಪೆಲ್ಲ ಸರ್ಕಾರದ್ದೇ ಎನ್ನುವುದೂ ಸರಿಯಲ್ಲ. ಈ ಇಟ್ಟಿಗೆಗೆ ಮಣ್ಣು ಆರಿಸಬೇಕು, ಎರೆಮಣ್ಣು ನಡೆಯುವುದಿಲ್ಲ. ಸೂರು ಮುಂದೆ ಚಾಚಿರಬೇಕು, ಪಾಯದ ಕಟ್ಟೆ ಎತ್ತರವಿರಬೇಕು. ನಿಗಾ ಇಡುವವರಿಲ್ಲದೆ ಕಟ್ಟಿದರೆ ಮಳೆಗೆ ಮೂಲೆ ಕರಗಿ, ‘ಮಣ್ಣಿನದು ಇಷ್ಟೇ’ ಎಂಬ ಮಾತು ಗಟ್ಟಿಯಾಗುತ್ತದೆ. ಆ ನಿಗಾ ಇಡಬಲ್ಲವರು ಮೂರು ನಾಲ್ಕು ಜನರ ಪುಟ್ಟ ವಾಸ್ತು ಕಚೇರಿಗಳು. ಅವರ ಶುಲ್ಕವೋ ಸಾಮಾನ್ಯವಾಗಿ ಕಟ್ಟಡ ವೆಚ್ಚದ ಇಂತಿಷ್ಟು ಶೇಕಡಾ. ವೆಚ್ಚ ತಗ್ಗಿಸಿದಷ್ಟೂ ಅವರ ಸಂಪಾದನೆ ತಗ್ಗುತ್ತದೆ. ಹತ್ತು ಲಕ್ಷದ ಅಂಗನವಾಡಿಗಾಗಿ ಪಾವಗಡಕ್ಕೆ ಹತ್ತು ಸಲ ಹೋಗಿಬಂದರೆ ಕೈಯಿಂದಲೇ ಹೋಗುತ್ತದೆ. ಒಂದು ತಾಲ್ಲೂಕಿನ ಇಪ್ಪತ್ತು ಕಟ್ಟಡಗಳನ್ನು ಒಟ್ಟಿಗೆ ಒಬ್ಬರಿಗೆ ವಹಿಸಿ, ನಿಗದಿತ ಶುಲ್ಕ ಕೊಟ್ಟು, ಮಣ್ಣಿನ ಪರೀಕ್ಷೆಯ ಖರ್ಚನ್ನೂ ಅಂದಾಜುಪಟ್ಟಿಯಲ್ಲೇ ಸೇರಿಸದ ಹೊರತು ಯಾವ ಕಚೇರಿಯೂ ಈ ಕೆಲಸಕ್ಕೆ ಕೈಹಾಕಲಾರದು.