ವೈದ್ಯಗ್ರಂಥಗಳಲ್ಲಿ ಮೂಲಿಕಾನಾಮಗಳ ಪಾಠನಿರ್ಣಯ

ಒಂದನೆಯ ಮಂಗರಾಜನ ಖಗೇಂದ್ರಮಣಿದರ್ಪಣವು ಹದಿನಾಲ್ಕನೆಯ ಶತಮಾನದ ವಿಷವೈದ್ಯಗ್ರಂಥವೆಂಬುದು ಸುವಿದಿತವು. ಕವಿಯು ವಿಜಯನಗರದ ಹರಿಹರರಾಯನ ಕಾಲದವನು. ಆ ರಾಜ್ಯದ ಚರಿತ್ರೆಯೊಡನೆ ಬೆರೆತ ಆನೆಗೊಂದಿಯು ಗಂಗಾವತಿಯ ಸೀಮೆಯಲ್ಲಿಯೇ ಇದ್ದರೂ, ಕೊಪ್ಪಳ, ಕುಷ್ಟಗಿ, ಯಲಬುರ್ಗೆಗಳ ನಮ್ಮ ಅಧ್ಯಾಪಕರು ಈ ಗ್ರಂಥವನ್ನು ಕಾವ್ಯವಲ್ಲವೆಂದು ದಾಟಿಹೋಗುವುದುಂಟು. ಮದರಾಸು ವಿಶ್ವವಿದ್ಯಾನಿಲಯವು ಇದನ್ನು 1942ರಲ್ಲಿಯೇ ಮುದ್ರಿಸಿತು. ಓದದಿರುವುದಕ್ಕೆ ಪುಸ್ತಕಾಭಾವವು ಕಾರಣವಲ್ಲ.

ಕಾವ್ಯದಲ್ಲಿ ಶ್ಲೇಷವು ಅಲಂಕಾರವು. ವೈದ್ಯಶಾಸ್ತ್ರದಲ್ಲಿ ಅದೇ ಸಂದಿಗ್ಧದೋಷವು. ಬ್ರಾಹ್ಮಿಯೆಂದರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ಪದ್ಯಬಂಧವು ಪಾಠವನ್ನು ಕಾಯುವುದೆಂದು ನಾವು ನಂಬಿರುವೆವು. ಇದು ಅರ್ಧ ಮಾತ್ರವೇ ನಿಜ. ಕಂದಪದ್ಯದ ಪಾದಾದಿಯಲ್ಲಿ 'ಲಕ್ಕಿ' ಎಂದಿದ್ದುದನ್ನು ಲಿಪಿಕಾರನು 'ಎಕ್ಕೆ' ಎಂದು ಬರೆದನೆನ್ನಿರಿ. ಎರಡಕ್ಕೂ ಮೂರೇ ಮಾತ್ರೆ. ದ್ವಿತೀಯಾಕ್ಷರಪ್ರಾಸವೂ ಎರಡರಲ್ಲಿಯೂ ಕಕಾರದ ದ್ವಿತ್ವವೇ. ಛಂದಸ್ಸು ತಪ್ಪನ್ನು ಹಿಡಿಯಲಾರದು. ಮೊದಲನೆಯದು ನಿರ್ಗುಂಡಿ, ಎರಡನೆಯದು ವಿಷದ ಹಾಲುಳ್ಳ ಅರ್ಕ! ಇಂಥಲ್ಲಿ ಪ್ರತಿಗಳ ಬಹುಮತದಿಂದ ಪಾಠವನ್ನು ನಿರ್ಣಯಿಸುವ ವ್ಯಾಕರಣಪಂಡಿತನು (ನಾನೂ ಆ ವರ್ಗದವನೇ) ವೈದ್ಯನ ಮುಂದೆ ಶಿಷ್ಯನಾಗಿ ಕುಳಿತುಕೊಳ್ಳಬೇಕಾದುದೇ.

ಈ ಭಯವು ಕಲ್ಪಿತವಲ್ಲ. ಚೀನದೇಶದ ವೈದ್ಯವೂ ನಮ್ಮದರಂತೆ ನಿಘಂಟುಗಳ ಮೇಲೆ ನಿಂತಿರುವುದು; ಲೀ ಷಿಝೆನ್ನನ ಮಹಾಸಂಗ್ರಹವು 1596ರಲ್ಲಿ ಅಚ್ಚಾಯಿತು. ಫಿರಂಗರೋಗಕ್ಕೆ ಆತನು ಹೇಳಿದ ಗಡ್ಡೆಯ ಜಾತಿಯದೇ ನಮ್ಮ ಚೋಪಚೀನಿ; ಭಾವಮಿಶ್ರನು ಅದನ್ನು 'ದ್ವೀಪಾಂತರವಚಾ' ಎಂದು ಸ್ವೀಕರಿಸಿದನು. ಅಲ್ಲಿಯ 'ಫಾಂಗ್ ಜಿ' ಎಂಬ ಹೆಸರು ಒಂದಕ್ಕಿಂತ ಹೆಚ್ಚು ಬೇರುಗಳಿಗೆ ಸಲ್ಲುತ್ತದೆ. ಬೆಲ್ಜಿಯಂ ದೇಶದಲ್ಲಿ ಮೈ ಕರಗಿಸುವ ಮದ್ದಿಗೆ 'ಹಾನ್ ಫಾಂಗ್ ಜಿ' ಸೇರಬೇಕಾದಲ್ಲಿ 'ಗುವಾಂಗ್ ಫಾಂಗ್ ಜಿ' ಸೇರಿ, ಅನೇಕ ಸ್ತ್ರೀಯರ ಮೂತ್ರಪಿಂಡಗಳು ಕೆಟ್ಟುಹೋದುವು. 1993ರಲ್ಲಿ ವೈದ್ಯರು ಅದನ್ನು ಪ್ರಕಟಿಸಿದರು. ಆ ಎರಡನೆಯ ಬೇರು, ನಮ್ಮಲ್ಲಿ ಹಾವಿನ ವಿಷಕ್ಕೆಂದು ಹೆಸರಾದ ಈಶ್ವರಿಬೇರಿನ ಕುಲದ್ದು.

ಚೀನೀಯರ ಪದ್ಧತಿಯೇ ದುಷ್ಟವೆಂದು ಇದರಿಂದ ಸಿದ್ಧವಾಗದು. ಅಲ್ಲಿ ಒಂದೊಂದು ಬೇರನ್ನೂ ಬೇರೆ ಮೂಲಿಕೆಗಳೊಡನೆ, ರೋಗಿಯ ಪ್ರಕೃತಿಯನ್ನು ನೋಡಿ ಕೊಡುವುದು ಸಂಪ್ರದಾಯ. ಹೆಸರನ್ನು ಮಾತ್ರ ಕಿತ್ತುಕೊಂಡು ಗುಳಿಗೆ ಕಟ್ಟಿದ್ದು ಬೇರೆಯವರು. ನಮ್ಮವರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಹನ್ನೆರಡನೆಯ ಶತಮಾನದಲ್ಲಿ ಕನ್ನಡಿಸಿದಾಗ, ಮದ್ಯಮಾಂಸಗಳನ್ನು ವರ್ಜಿಸಿದ ಚಿಕಿತ್ಸೆಯನ್ನು ಕೊಟ್ಟನು. ಆದುದರಿಂದ ಭಾರವೆಲ್ಲವೂ ಮೂಲಿಕೆಗಳ ಮೇಲೆಯೇ ಬಿದ್ದಿತು, ಎಂದರೆ ಹೆಸರುಗಳ ಮೇಲೆ.

ಮುಂದಿನ ಸಂಪಾದಕರು ಪಾಠಾಂತರಗಳನ್ನು ಅಡಿಟಿಪ್ಪಣಿಗೆ ತಳ್ಳದೆ, ಪ್ರತಿಯೊಂದು ಮೂಲಿಕಾನಾಮದ ಎದುರಿನಲ್ಲಿಯೇ ಅಚ್ಚಿಸಬೇಕು. ನಿಶ್ಚಯವಿಲ್ಲದ ಕಡೆಯಲ್ಲಿ ಸಂಸ್ಕೃತಪರ್ಯಾಯವನ್ನು ಊಹಿಸಿ ಬರೆಯಬಾರದು.